ಇರುವೆಯ ಮನೆಗೆ ಇಟ್ಟ ಹೊಸ್ತಿಲು

ಗಾಜು ಕೂರಿಸುವ ಸಿಲಿಕಾನ್ ಅಂಟಿನ ಟ್ಯೂಬಿನ ಮೂತಿ ಕೊಯ್ದು, ಗನ್ನಿಗೆ ಹಾಕಿ ಮೊದಲ ಸಲ ಒತ್ತಿದಾಗ ಒಂದು ಹುಳಿ ವಾಸನೆ ಏಳುತ್ತದೆ. ಉಪ್ಪಿನಕಾಯಿಯ ಹುಳಿಯಲ್ಲ, ಮೂಗಿನೊಳಗೆ ಸೂಜಿ ಇಟ್ಟಂಥ ಹುಳಿ. ದೊಡ್ಡ ಕರಿ ಇರುವೆಯನ್ನು ಬೆರಳಲ್ಲಿ ಹೊಸಕಿ ಮೂಸಿದವರಿಗೆ ಈ ವಾಸನೆ ಗೊತ್ತಿರುತ್ತದೆ. ಗಾಜಿನ ಕೆಲಸ ಮಾಡುವವನಿಗೆ ಅದು ತನ್ನ ಬೆವರಿನ ವಾಸನೆಯ ಹಾಗೆ, ಬಂದರೂ ಬಂದದ್ದು ತಿಳಿಯುವುದಿಲ್ಲ. ಮೊನ್ನೆ ಕಾರವಾರದ ಬೈತಖೋಲ ಬಂದರಿನಲ್ಲಿ ಒಂದು ಮಾಳಿಗೆ ಮನೆಗೆ ಕಿಡಕಿ ಕೂರಿಸುತ್ತಿದ್ದಾಗ ಮಾತ್ರ ತಿಳಿಯಿತು. ಗನ್ ಒತ್ತಿದೆ, ವಾಸನೆ ಬಂತು, ಕೈ ಅಲ್ಲೇ ನಿಂತಿತು. ಕೆಳಗೆ ಮೀನು ಹರಾಜಿನ ಕೂಗು, ಟ್ರಾಲರಿನ ಡೀಸೆಲ್ ಹೊಗೆ ಎಲ್ಲ ಇತ್ತು. ನನಗೆ ಕೇಳಿದ್ದು ಮಾತ್ರ ಅಕ್ಕೋರ ದನಿ. “ನಿನ್ನ ಅಂಟಿನ ವಾಸನೆ, ತಮಾ...”

ಅವರು ತೀರಿಕೊಂಡ ಸುದ್ದಿ ಅದರ ಹಿಂದಿನ ವಾರವಷ್ಟೇ ಬಂದಿತ್ತು.

ನಮ್ಮ ಕಡೆ ಶಾಲೆಯಲ್ಲಿ ಗಂಡಸಾದರೆ ಮಾಸ್ತರು, ಹೆಂಗಸಾದರೆ ಅಕ್ಕೋರು. ಹೆಸರು ಹಿಡಿದು ಕರೆಯುವ ರೂಢಿಯೇ ಇಲ್ಲ. ಅಂಕೋಲೆಯ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಅವರು ನನಗೆ ಕಲಿಸಿದರು. ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದರು, ಹಟ್ಟಿಕೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನಗೆ ಲೆಕ್ಕ ಬರುತ್ತಿತ್ತು, ಪದ್ಯ ಬರುತ್ತಿತ್ತು. ಬರದೇ ಇದ್ದದ್ದು ಗೆರೆ ಎಳೆಯುವುದು. ಸ್ಕೇಲು ಇಟ್ಟು ಎಳೆದರೂ ಪೆನ್ಸಿಲ್ ಎಲ್ಲೋ ಒಂದು ಕಡೆ ಜಾರುತ್ತಿತ್ತು. ಅವರು ನನ್ನ ಬರೆಯುವ ಪಟ್ಟಿಯನ್ನು ಎತ್ತಿ ಇಡೀ ವರ್ಗಕ್ಕೆ ತೋರಿಸಿ ಹೇಳುತ್ತಿದ್ದರು, “ನೋಡ್ರೋ, ಇವನ ಗೆರೆಗೆ ಅಂಕೋಲೆಯಿಂದ ಕಾರವಾರಕ್ಕೆ ಹೋಗು ಅಂದ್ರೆ ಹಿಲ್ಲೂರಿಗೆ ಹೋಗಿ ಕೂತಿದೆ.” ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಹೋಗಿ ಅದೇ ಗೆರೆಯನ್ನು ಮತ್ತೆ ಮತ್ತೆ ಎಳೆಯುತ್ತಿದ್ದೆ.

ಏಳನೇ ಇಯತ್ತೆ ಮುಗಿದದ್ದೇ ಶಾಲೆ ಬಿಟ್ಟೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಮನೆಯಲ್ಲಿ ದುಡಿಯುವ ಕೈ ಬೇಕಿತ್ತು, ನನಗೆ ಎರಡು ಕೈ ಇದ್ದವು. ಕಾರವಾರದ ಒಂದು ಗಾಜಿನ ಅಂಗಡಿಗೆ ಸೇರಿ, ಮೊದಲು ಕಸ ಹೊಡೆದು, ಆಮೇಲೆ ಗಾಜು ಹೊತ್ತು, ಆಮೇಲೆ ಗಾಜು ಕೊಯ್ಯುವುದನ್ನು ಕಲಿತೆ. ಗಾಜಿನ ಮೇಲೆ ಗೆರೆ ಒಂದೇ ಸಲ ಎಳೆಯಬೇಕು. ರಬ್ಬರ್ ಹಾಕಿ ಅಳಿಸುವ ಹಾಗಿಲ್ಲ. ಇವತ್ತು ನನ್ನದೇ ಅಂಗಡಿ ಇದೆ. ಜೂನ್ ತಿಂಗಳಲ್ಲಿ ಸಮುದ್ರದ ಕಡೆಯಿಂದ ಮಳೆ ಅಡ್ಡಡ್ಡ ಬೀಸುವಾಗ ಕಾರವಾರದಲ್ಲಿ ಎಷ್ಟೋ ದೊಡ್ಡ ಮನೆಗಳ ಕಿಡಕಿಯ ಕೆಳಗೆ ಗೋಣಿಚೀಲ ಹಾಸಿಡುತ್ತಾರೆ. ನಾನು ಕೂರಿಸಿದ ಕಿಡಕಿಯ ಕೆಳಗೆ ಹಾಸಿದ್ದನ್ನು ಯಾರಾದರೂ ತೋರಿಸಲಿ. ನನ್ನ ಅಂಗಡಿಯಿಂದ ಹೋದ ಕೆಲಸ ತಿರುಗಿ ಬಂದದ್ದಿಲ್ಲ.

ಬಂದದ್ದು ಒಂದೇ. ಅದು ಎರಡು ಅಂಗೈ ಅಗಲದ ಒಂದು ಗಾಜಿನ ಮನೆ. ಇವತ್ತಿಗೂ ಅಂಗಡಿಯ ಮೇಲಿನ ಹಲಗೆಯಲ್ಲಿದೆ.

ಅಕ್ಕೋರು ನನ್ನ ಅಂಗಡಿಗೆ ಬಂದದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ಅದರ ಹಿಂದಿನ ವರ್ಷ ಅವರ ಮಗ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಹೋಗಿದ್ದ. ಒಬ್ಬನೇ ಮಗ. ಗಂಡ ಮೊದಲೇ ಇರಲಿಲ್ಲ. ಆ ದಿನ ನಾನೂ ಹೋಗಿ ಅಂಗಳದಲ್ಲಿ ನಿಂತು ಬಂದಿದ್ದೆ, ಅವರೆದುರು ಹೋಗುವ ಧೈರ್ಯ ಆಗಿರಲಿಲ್ಲ. ಈಗ ನೋಡಿದರೆ ಬಗಲಲ್ಲಿ ಕೊಡೆ, ಕೈಯಲ್ಲಿ ಟವೆಲ್ ಸುತ್ತಿದ ಒಂದು ಡಬ್ಬಿ, ಬಾಗಿಲಲ್ಲಿ ನಿಂತಿದ್ದಾರೆ.

“ಗುರುತು ಸಿಕ್ತೋ ತಮಾ?”

“ಅಯ್ಯೋ ಅಕ್ಕೋರೇ, ಹೇಳಿ ಕಳ್ಸಿದ್ರೆ ನಾನೇ ಬರ್ತಿದ್ದೆ.”

“ಇದನ್ನ ಯಾರ ಹತ್ರ ಹೇಳಿ ಕಳ್ಸೂದು? ನಗಾಡ್ತಾರೆ. ನೀನೂ ನಗಾಡೂದಾದ್ರೆ ಈಗಲೇ ನಗಾಡಿ ಮುಗ್ಸು.”

ಕುರ್ಚಿಯ ಮೇಲಿನ ಗಾಜಿನ ಪುಡಿ ಒರೆಸಿ ಕೂರಿಸಿದೆ. ಅವರು ಟವೆಲ್ ಬಿಚ್ಚಿದರು. ಪ್ಲಾಸ್ಟಿಕ್ ಡಬ್ಬಿ, ಒಳಗೆ ಅರ್ಧಕ್ಕೆ ಪಿಓಪಿಯ ಬಿಳಿ ಗಾರೆ ಹಾಕಿ ಗುಳಿ ಗುಳಿ ಕೊರೆದಿದ್ದಾರೆ. ಗುಳಿಗಳಲ್ಲಿ ದೊಡ್ಡ ಜಾತಿಯ ಕರಿ ಇರುವೆ. ಒಂದರ ಮೇಲೆ ಒಂದು ಮುತ್ತಿಕೊಂಡು, ಬೆಳಕು ಬಿದ್ದದ್ದೇ ಅಕ್ಕಿಕಾಳಿನಂಥ ಮರಿಗಳನ್ನು ಬಾಯಲ್ಲಿ ಕಚ್ಚಿ ಓಡತೊಡಗಿದವು. ಅವುಗಳ ನಡುವೆ ಒಂದು ಮಾತ್ರ ಓಡಲಿಲ್ಲ. ಉಳಿದವುಗಳ ಎರಡರಷ್ಟು ಉದ್ದ, ಹೊಟ್ಟೆ ದಪ್ಪ, ಮೈ ಕರಿ ಎಣ್ಣೆ ಹಚ್ಚಿದ ಹಾಗೆ.

“ಅವನು ಹಿಡಿದದ್ದು” ಅಂದರು.

ಮಗ ಪಿಯುಸಿಯಲ್ಲಿದ್ದಾಗ, ಮೊದಲ ಮಳೆ ಬಿದ್ದ ಸಂಜೆ ಜಗಲಿಯ ಬಲ್ಬಿಗೆ ರೆಕ್ಕೆ ಇರುವೆಗಳು ಮುತ್ತಿದ್ದವಂತೆ. ಅಕ್ಕೋರು ಹಿಡಿಸೂಡಿ ತಗೊಂಡು ಗುಡಿಸಲು ಹೋದರೆ ಇವನು ತಡೆದು, ನೆಲದ ಮೇಲೆ ರೆಕ್ಕೆ ಕಳಚಿಕೊಂಡು ಓಡುತ್ತಿದ್ದ ಒಂದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದನಂತೆ. ಫೋನಿನಲ್ಲಿ ನೋಡಿ ಕಲಿತ ವಿದ್ಯೆ. ಕಾಲೇಜಿನಿಂದ ತಂದ ಗಾಜಿನ ನಳಿಗೆಯಲ್ಲಿ ನೀರು, ಒದ್ದೆ ಹತ್ತಿ, ಅದರೊಳಗೆ ಅವಳು. ಅಕ್ಕೋರು ಆ ರಾಣಿ ಇರುವೆಗೆ ‘ಅದು’ ಅಂದದ್ದನ್ನು ನಾನು ಕೇಳಿಲ್ಲ, ಯಾವಾಗಲೂ ‘ಅವಳು’. ಅವಳು ಮೊಟ್ಟೆ ಇಟ್ಟಳು, ಮೊಟ್ಟೆ ಮರಿಯಾಯಿತು, ಮರಿ ಇರುವೆಯಾಯಿತು. ನಳಿಗೆ ಸಾಲದಾದಾಗ ಮಗ ಈ ಡಬ್ಬಿ ಮಾಡಿದ. ಅದು ಆಗಿ ಸ್ವಲ್ಪ ದಿನಕ್ಕೆ...

“ಅವನ ಬಟ್ಟೆ ಕೊಟ್ಟೆ, ಪುಸ್ತಕ ಕೊಟ್ಟೆ. ಇದನ್ನ ಗೇರುಮರದ ಬುಡಕ್ಕೆ ಹಾಕು ಅಂತಾರೆ ನೆಂಟರು. ಅದೆಲ್ಲ ಅವನ ಸಾಮಾನು, ತಮಾ. ಇದು ಅವನ ಕೈ ಮುಟ್ಟಿದ ಜೀವ. ಬಾಕಿಯವು ಸಾಯ್ತವೆ, ಹುಟ್ತವೆ. ಅವಳು ಮಾತ್ರ ಅವಳೇ. ಚಲೋ ನೋಡ್ಕಂಡ್ರೆ ಹತ್ತು ಹದಿನೈದು ವರ್ಷ ಇರ್ತಾಳೆ ಅಂತಿದ್ದ. ಅಷ್ಟು ವರ್ಷ ನಾನೂ ಇದ್ರಾಯ್ತು, ಆಮೇಲೆ ಎಂತ ಬೇಕಾರೂ ಆಗ್ಲಿ.”

ಇರುವೆ ಕಂಡರೆ ಆಗದ ಹೆಂಗಸು ಅವರು. ಶಾಲೆಯಲ್ಲಿ ನಮ್ಮ ಬುತ್ತಿಯ ಸಾಲಿಗೆ ಇರುವೆ ಬಂದರೆ ಅವರೇ ಮುಂದೆ ನಿಂತು ಚಪ್ಪಲಿಯಲ್ಲಿ ತಿಕ್ಕಿಸುತ್ತಿದ್ದರು. ಈಗ ದಿನಾ ಸಕ್ಕರೆ ನೀರು ಹನಿಸಿ, ಒಣ ಸಿಗಡಿಯ ಚೂರು ಹಾಕಿ, ಅವು ಅದನ್ನು ಎಳೆದಾಡುವುದನ್ನು ನೋಡುತ್ತ ಕೂರುತ್ತಾರೆ. ಡಬ್ಬಿಯ ಪಿಓಪಿ ಬಿರುಕು ಬಿಟ್ಟಿತ್ತು, ಒಂದು ಮೂಲೆಯಿಂದ ಕಪ್ಪು ಬೂಸ್ಟು ಹಬ್ಬುತ್ತಿತ್ತು. ಅದು ಅವಳ ಗುಳಿಯ ಹತ್ತಿರ ಬರುವುದರೊಳಗೆ ಹೊಸ ಮನೆ ಆಗಬೇಕಿತ್ತು.

“ಆಗ್ತದೋ?”

“ಆಗದೇ ಎಂತ ಅಕ್ಕೋರೇ.”

ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಒಲೆಯ ಮುಂದಿನಿಂದ ತಿರುಗಿ ಕೂಡ ನೋಡಲಿಲ್ಲ. “ನಮ್ಮ ಅಡುಗೆಮನೆ ಕಿಡಕಿಗೆ ರಟ್ಟು ಕಟ್ಟಿ ಎಷ್ಟು ಮಳೆಗಾಲ ಆಯ್ತು? ಇರುವೆ ಆಗಿ ಹುಟ್ಟಿದ್ರೆ ನಂಗೂ ಗಾಜು ಸಿಗ್ತಿತ್ತೇನೋ.”

ಅದನ್ನು ಮಾಡಿದಷ್ಟು ಮನಸ್ಸಿಟ್ಟು ನಾನು ಯಾವ ಬಂಗಲೆಯ ಕೆಲಸವನ್ನೂ ಮಾಡಿಲ್ಲ. ತೆಳು ಗಾಜು, ಅಂಚು ಕೈಯಲ್ಲೇ ಉಜ್ಜಿದ್ದು. ಒಳಗೆ ಪಿಓಪಿ ಎರೆದು, ಒಣಗುವ ಮೊದಲು ಚಮಚದ ಹಿಂಬದಿಯಿಂದ ಕೋಣೆ ಒತ್ತಿದೆ. ಅವಳಿಗೆ ದೊಡ್ಡದು, ಮರಿಗಳಿಗೆ ಬೇರೆ. ಒಂದು ಬದಿಗೆ ನೀರು ಹನಿಸುವ ತೂತು, ಇನ್ನೊಂದು ಬದಿಗೆ ಇರುವೆ ಹೋಗಿಬರಲು ಬಾಗಿಲ ತೂತು, ಮೇಲೆ ತೆಗೆದು ಹಾಕುವ ಗಾಜು. ಮೂಲೆಮಟ್ಟ ಹಿಡಿದರೆ ಕೂದಲು ಹೋಗುವಷ್ಟೂ ಸಂದಿಲ್ಲ. ಅಂಟು ಹಾಕಿ, ವಾಸನೆ ಪೂರ್ತಿ ಹೋಗುವ ತನಕ ಬಿಸಿಲಲ್ಲಿ, ಗಾಳಿಯಲ್ಲಿ ಬಿಟ್ಟೆ. ದಿನಾ ಮೂಗು ಇಟ್ಟು ನೋಡುತ್ತಿದ್ದೆ. ಪಕ್ಕದ ಅಂಗಡಿಯವನಿಂದಲೂ ಮೂಸಿಸಿದೆ. ಕೊನೆಗೆ ಬಾಗಿಲ ತೂತಿನ ಒಳಬದಿಗೆ, ಯಾರೂ ಹೇಳದೇ, ಗಾಜಿನ ಒಂದು ಸಣ್ಣ ತುಂಡು ಅಡ್ಡ ಅಂಟಿಸಿ, ಅದನ್ನೂ ಹಾಗೇ ಒಣಗಿಸಿದೆ. ಹೊಸ್ತಿಲು. ಇರುವೆಗೆ ಅದರ ಅಗತ್ಯ ಇರಲಿಲ್ಲ. ಕೆಲಸ ಬಲ್ಲವನಿಗೆ ಕೈ ಎಲ್ಲಿ ನಿಲ್ಲಿಸಬೇಕೆಂದು ಕೆಲವು ಸಲ ಗೊತ್ತಾಗುವುದಿಲ್ಲ.

ಶನಿವಾರ ಅದನ್ನು ಒಯ್ದು ಹಟ್ಟಿಕೇರಿಯ ಅವರ ಮನೆಯ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿ, ಅಂಚಿನ ಮೇಲೆ ಬೆರಳು ಎಳೆದು, ಈ ತುದಿಯಿಂದ ಆ ತುದಿಗೆ ಹೋಗಿ ಮತ್ತೆ ತಿರುಗಿ ಬಂದರು. ಪಟ್ಟಿ ತಿದ್ದುವಾಗ ಹಾಗೇ ಮಾಡುತ್ತಿದ್ದರು.

“ಗೆರೆ ಕಾರವಾರಕ್ಕೇ ಹೋಯ್ತಲ್ಲೋ ತಮಾ.”

ಎಸ್ಸೆಲ್ಸಿ ಪಾಸಾದವರಿಗೆ ಒಂದು ಕಾಗದ ಕೊಡುತ್ತಾರಲ್ಲ, ನನಗೆ ಅದು ಸಿಕ್ಕಿದ್ದು ಆವತ್ತು. ಆಮೇಲೆ ಅವರ ಕಣ್ಣು ಬಾಗಿಲ ಕಡೆ ಹೋಯಿತು. “ಹೊಸ್ತಿಲೂ ಇಟ್ಟೀಯಾ?” ಎಂದು ನಕ್ಕರು. ನಗು ಬಹಳ ದಿನದಿಂದ ಬಳಸದ ಬಾಗಿಲಿನ ಹಾಗೆ ಮೊದಲು ಸಿಕ್ಕಿಹಾಕಿಕೊಂಡು ಆಮೇಲೆ ಬಿಟ್ಟುಕೊಂಡಿತು. “ಹೊಸ್ತಿಲು ಇದ್ದ ಮೇಲೆ ಸುಮ್ನೆ ಒಕ್ಕಲು ಹೋಗೂಕೆ ಆಗೂದಿಲ್ಲ. ನಾಳೆ ಹಾಲು ಉಕ್ಕಿಸ್ತೆ, ನೀ ಬಾ.”

ಮರುದಿನ ನಾನು ಲೆವೆಲ್ ಪೈಪಿನ ತುಂಡು ತಗೊಂಡು ಹೋದೆ. ಗೋಡೆಯ ಮಟ್ಟ ನೋಡಲು ನೀರು ತುಂಬಿ ಹಿಡಿಯುತ್ತೇವಲ್ಲ, ಆ ಪಾರದರ್ಶಕ ಪೈಪು. ಅಕ್ಕೋರು ಸ್ನಾನ ಮಾಡಿ ಮಡಿಸೀರೆ ಉಟ್ಟಿದ್ದರು. ಮೇಜಿನ ಮುಂದೆ ಸಣ್ಣ ರಂಗೋಲಿ. ಗಾಜಿನ ಮೇಲೆ ಕುಂಕುಮದ ಬೊಟ್ಟು. ಹೊಸ್ತಿಲಿಗೆ ತೇದ ಅರಿಶಿನ, ಬೆರಳಲ್ಲಿ ತಂದು ಈ ಬದಿಯಿಂದ ಆ ಬದಿಗೆ ಎಳೆದಿದ್ದರು. ಹಾಲು ಉಕ್ಕಿ ಒಲೆಗೆ ಬಿದ್ದ ವಾಸನೆ ಮನೆ ತುಂಬ ಇತ್ತು. ಅರಿಶಿನವನ್ನು ನಾನು ನೋಡಿದೆ. ಅವರೂ ನೋಡಿದರು. ನಾನು ಕಿಡಕಿ ಕೂರಿಸಲು ಹೋಗುವ ಪ್ರತಿ ಹೊಸ ಮನೆಯ ಹೊಸ್ತಿಲಲ್ಲೂ ಅದು ಇರುತ್ತದೆ. ಯಾವಾಗಲೂ ಇರುವುದನ್ನು ಯಾರು ನೋಡುತ್ತಾರೆ?

ಪೈಪಿನ ಒಂದು ತುದಿ ಹಳೆಯ ಡಬ್ಬಿಗೆ, ಇನ್ನೊಂದು ಹೊಸ ಮನೆಗೆ. ಮಗ ನಳಿಗೆಯಿಂದ ಡಬ್ಬಿಗೆ ಸಾಗಿಸುವಾಗ ಹೇಳಿದ್ದೆಲ್ಲ ಅಕ್ಕೋರಿಗೆ ಬಾಯಿಪಾಠ ಇತ್ತು. ಇರುವೆಗಳನ್ನು ಹಿಡಿದು ಹಾಕಬಾರದು, ರಾಣಿಗೆ ಪೆಟ್ಟಾಗುತ್ತದೆ. ಹಳೆ ಮನೆಗೆ ಬೆಳಕು ಬಿಡಬೇಕು, ನೀರು ನಿಲ್ಲಿಸಬೇಕು. ಹೊಸ ಮನೆ ಒದ್ದೆ ಇರಬೇಕು, ಕತ್ತಲೆ ಇರಬೇಕು. ಆಗ ಅವೇ ಮರಿಗಳನ್ನು ಹೊತ್ತು, ಕೊನೆಗೆ ಅವಳನ್ನು ಕರಕೊಂಡು ಹೋಗುತ್ತವೆ. ಅಕ್ಕೋರು ಹೊಸ ಮನೆಯ ಮೇಲೆ ಒಂದು ಕೆಂಪು ರವಿಕೆ ಖಣ ಹೊದಿಸಿದರು. “ಕೆಂಪು ಅವಕ್ಕೆ ಕತ್ತಲೆಯಂತೆ. ಅವ ಹೇಳ್ತಿದ್ದ.”

ಒಂದು ಇರುವೆ ಪೈಪಿಗೆ ಇಳಿಯಿತು. ನಾವಿಬ್ಬರೂ ಉಸಿರು ಹಿಡಿದು ಬಗ್ಗಿ ನೋಡಿದೆವು. ಅದು ಪೈಪಿನ ಉದ್ದಕ್ಕೂ ನಡೆದು, ಹೊಸ್ತಿಲ ತನಕ ಹೋಗಿ, ಮೀಸೆ ಆಡಿಸಿ ನಿಂತಿತು. ತಿರುಗಿತು. ಬಂದ ದಾರಿಯಲ್ಲೇ ಹೋಯಿತು.

“ಮದುವಣಗಿತ್ತಿ” ಅಂದರು ಅಕ್ಕೋರು. “ನಾಚಿಕೆ. ನಾಳೆ ಹೋಗ್ತವೆ.”

ಆಗ ಬೇಸಿಗೆ ರಜೆ, ಅವರು ಮನೆಯಲ್ಲೇ ಇದ್ದರು. ದಿನಾ ಸಂಜೆ ಅಂಗಡಿ ಬಾಗಿಲು ಹಾಕುವಾಗ ಫೋನ್ ಮಾಡುತ್ತಿದ್ದೆ.

“ಹೋದ್ವಾ ಅಕ್ಕೋರೇ?”

“ಬಾಗಿಲ ತನಕ ಬರ್ತವೆ, ತಿರುಗ್ತವೆ. ಬರ್ತವೆ, ತಿರುಗ್ತವೆ. ಎಂತದೋ ಆಗೂದಿಲ್ಲ ಅವಕ್ಕೆ.”

ಒಂದು ಸಂಜೆ ಕೇಳಿದರು, “ಹಳೇದಕ್ಕೆ ಒಂಚೂರು ನೀರು ಹಾಕ್ಲೋ? ಮರಿ ಸೊರಗಿದ ಹಾಗೆ ಕಾಣ್ತವೆ.”

“ಅವ ಎಂತ ಹೇಳಿದ್ದ?”

“ಹಾಕ್ಬಾರ್ದು ಅಂತ. ಹಾಕಿದ್ರೆ ಅಲ್ಲೇ ಕೂತುಬಿಡ್ತವೆ ಅಂತ.”

ಸತ್ತ ಮಗ ಹೇಳಿದ ಮಾತು. ಅದನ್ನು ಮೀರಲು ತಾಯಿಗೆ ಆಗಲಿಲ್ಲ. ಮೀರಿ ಎನ್ನಲು ನಾನು ಯಾರು? ಆ ವರ್ಷ ಶೆಖೆಯೂ ಹಾಗೇ ಇತ್ತು, ಗಾಳಿ ಇಲ್ಲ, ಒಣಗಲು ಹಾಕಿದ ಮೀನು ಮಧ್ಯಾಹ್ನಕ್ಕೇ ಕಡ್ಡಿಯಾಗುತ್ತಿತ್ತು. ಡಬ್ಬಿಯ ಪಿಓಪಿ ಎಷ್ಟು ಬೇಗ ಒಣಗಿತೋ...

ಆಮೇಲೆ ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. “ಬಾ” ಅಂದರು, ಅಷ್ಟೇ.

ಹೋದಾಗ ಮೇಜಿನ ಮುಂದೆ ಕೂತಿದ್ದರು. ಹಳೆಯ ಡಬ್ಬಿಯ ಗುಳಿಗಳಲ್ಲಿ ಮರಿಗಳು ಹಳೆ ಅಕ್ಕಿಯ ನುಚ್ಚಿನ ಹಾಗೆ ಬಿದ್ದಿದ್ದವು. ಮೂಲೆಯಲ್ಲಿ ಸತ್ತ ಇರುವೆಗಳನ್ನು ಬದುಕಿದವು ರಾಶಿ ಹಾಕಿದ್ದವು. ಅವಳು ಡಬ್ಬಿಯಲ್ಲಿ ಇರಲಿಲ್ಲ. ಪೈಪಿನಲ್ಲಿದ್ದಳು. ಉಳಿದ ಇರುವೆಗಳು ಕಾಲು ಹಿಡಿದು, ಮೀಸೆ ಹಿಡಿದು, ಅವಳನ್ನು ಪೈಪಿನ ಆ ತುದಿಯ ತನಕ ಎಳೆದು ತಂದಿದ್ದವು. ಹೊಸ್ತಿಲಿಗೆ ಒಂದು ಬೆರಳು ಬಾಕಿ ಇತ್ತು. ಅದರಾಚೆ ಒದ್ದೆ ಕೋಣೆ, ಕತ್ತಲೆ, ಅವಳಿಗೆಂದೇ ಒತ್ತಿದ ದೊಡ್ಡ ಗುಳಿ, ಎಲ್ಲ ಇತ್ತು. ಅವು ಅಲ್ಲೇ ನಿಂತುಬಿಟ್ಟಿದ್ದವು. ಅವಳು ಮಗ್ಗುಲಾಗಿ ಬಿದ್ದಿದ್ದಳು. ಅಕ್ಕೋರು ಪೈಪು ಬಿಡಿಸಿ ಹತ್ತಿಯನ್ನು ನೀರಲ್ಲಿ ಅದ್ದಿ ಬಾಯಿಗೆ ಹಿಡಿದಿದ್ದರಂತೆ. ಹತ್ತಿ ಇನ್ನೂ ಅಲ್ಲೇ ಇತ್ತು. ಸುತ್ತ ಉಳಿದ ನಾಲ್ಕಾರು ಇರುವೆಗಳು ಅವಳನ್ನು ನೆಕ್ಕುತ್ತಲೇ ಇದ್ದವು.

ಅಕ್ಕೋರು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ಅವನ ಕೈ ಮುಟ್ಟಿದ್ದು ಇನ್ನು ಎಂತದೂ ಇಲ್ಲ ಈ ಮನೇಲಿ” ಅಂದರು. ಹಾಜರಿ ಕರೆಯುವ ದನಿ. ಆಮೇಲೆ, ನನ್ನ ಕಡೆ ನೋಡದೇ, “ನಿನ್ನ ಅಂಟಿನ ವಾಸನೆ, ತಮಾ. ಹುಳಿ ವಾಸನೆ. ಬಾಗಿಲಿಗೆ ಬಂದು ಬಂದು ತಿರುಗಿದ್ದು ಅದಕ್ಕೇ. ನೀ ಒಣಗಿದೆ ಅಂದೆ, ನಾ ನಂಬಿದೆ.”

ಅವರು ಹೊಸ ಮನೆಯನ್ನು ಅದೇ ಕೆಂಪು ಖಣದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. “ತಗೊಂಡು ಹೋಗು. ಎದುರಿಗೆ ಇರೂದು ಬೇಡ.”

ಬಸ್ಸಿನಲ್ಲಿ ಕಾರವಾರದ ತನಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಕೆಲಸ! ಮೂಗು ಇಟ್ಟು ನೋಡಿದ ಕೆಲಸ. ಅಂಗಡಿಗೆ ಬಂದವನೇ ಖಣ ಬಿಚ್ಚಿ ಅದನ್ನು ಮೇಜಿನ ಮೇಲಿಟ್ಟೆ. ನನ್ನ ಅಂಗಡಿಯಲ್ಲಿ ಚಹಾ ಲೋಟದ ಹಿಂದೆ ಯಾವಾಗಲೂ ಸಣ್ಣ ಕರಿ ಇರುವೆ ಇರುತ್ತವೆ. ಮೇಲಿನ ಗಾಜು ತೆಗೆದು ಒಳಗೆ ಒಂದು ಚೂರು ಬೆಲ್ಲ ಇಟ್ಟು ಕಾದೆ. ಇರುವೆ ಬಂದವು. ಮೇಲಿನಿಂದ ಇಳಿದವು. ಸಿಲಿಕಾನ್ ಹಾಕಿದ ಮೂಲೆಯ ಮೇಲೇ ದಾರಿ ಮಾಡಿಕೊಂಡು ಹೋದವು, ಅಲ್ಲೇ ನಿಂತು ಮೀಸೆ ತಿಕ್ಕಿಕೊಂಡವು. “ನೋಡಿದ್ರಾ” ಎಂದೆ, ಯಾರಿಗೋ. ಆಮೇಲೆ ಮೇಲಿನ ಗಾಜು ಮುಚ್ಚಿ ಬಾಗಿಲು ಮಾತ್ರ ಬಿಟ್ಟೆ. ಒಂದು ಇರುವೆ ಬಾಗಿಲಿಗೆ ಹೋಯಿತು. ಹೊಸ್ತಿಲ ಹತ್ತಿರ ನಿಂತಿತು. ಮೀಸೆ ಆಡಿಸಿತು. ತಿರುಗಿತು. ಹಿಂದಿನದೂ ಅಷ್ಟೇ. ಅದರ ಹಿಂದಿನದೂ...

ಬಗ್ಗಿ ನೋಡಿದೆ. ಹಳದಿ ಗೆರೆ. ಒಣಗಿದ ಅರಿಶಿನದಲ್ಲಿ ಅಕ್ಕೋರ ಬೆರಳಿನ ಸುಳಿ ಅಚ್ಚಾಗಿತ್ತು.

ನಮ್ಮ ಮನೆಯಲ್ಲಿ ಅವ್ವ ಬೆಲ್ಲದ ಡಬ್ಬಿಯ ಸುತ್ತ ಅರಿಶಿನದ ಗೆರೆ ಎಳೆಯುತ್ತಿದ್ದಳು. ನನ್ನ ಹೆಂಡತಿ ಸಕ್ಕರೆ ಡಬ್ಬಿಗೆ ಎಳೆಯುತ್ತಾಳೆ. ಅಕ್ಕೋರ ಅಡುಗೆಮನೆಯ ಹಲಗೆಯಲ್ಲೂ ಆ ಗೆರೆ ಇದ್ದದ್ದನ್ನು ನಾನು ಕಂಡಿದ್ದೆ. ಇರುವೆ ದಾಟದ ಗೆರೆ ಯಾವುದೆಂದು ನಮ್ಮ ಕಡೆಯ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅಡುಗೆಮನೆಯ ಅರಿಶಿನ ಬೇರೆ, ದೇವರ ಮುಂದಿನ ಅರಿಶಿನ ಬೇರೆ. ಬಾಗಿಲಿಗೆ ಹಚ್ಚುವಾಗ ಅದು ಶುಭ. ಶುಭವನ್ನು ಇರುವೆ ಬರದ ಹಾಗೆ ಹಚ್ಚುತ್ತಿದ್ದೇನೆ ಎಂದು ಯಾರಿಗೆ ಹೊಳೆಯುತ್ತದೆ?

ನನ್ನ ಕೆಲಸ ಸರಿ ಇತ್ತು. ಅದು ಗೊತ್ತಾದ ಗಳಿಗೆಯಲ್ಲೇ ಅದನ್ನು ಯಾರಿಗೂ ಹೇಳುವ ಹಾಗಿಲ್ಲ ಎಂಬುದೂ ಗೊತ್ತಾಯಿತು.

ಹೆಂಡತಿಗೆ ಮಾತ್ರ ಹೇಳಿದೆ. ಅವಳು ಸೌಟು ಕೆಳಗಿಟ್ಟಳು. “ಹೇಳಿಬಿಡಿ. ನಿಮ್ಮ ತಪ್ಪಲ್ಲ ಅಂತ ಹೇಳಿಬಿಡಿ.”

“ಹಂಗಾದ್ರೆ ಯಾರದು ಅಂತ ಕೇಳ್ತಾರೆ.”

ಅವಳು ಮತ್ತೆ ಸೌಟು ಎತ್ತಿಕೊಂಡಳು.

ಆ ಬೇಸಿಗೆ ಅಂಕೋಲೆಯ ಕಡೆ ನನ್ನ ಹೆಸರು ಒಂದು ನಗೆಯ ಮಾತಾಯಿತು. ಅಕ್ಕೋರು ಕೆಟ್ಟದಾಗಿ ಏನೂ ಹೇಳಿರಲಿಕ್ಕಿಲ್ಲ, ಕೇಳಿದವರಿಗೆ ಆದದ್ದನ್ನು ಹೇಳಿರಬೇಕು. ಮನೆ ಕಟ್ಟಿಸುವ ಒಬ್ಬ ಕಂತ್ರಾಟುದಾರ ಹತ್ತು ಜನರೆದುರು ಕೇಳಿದ, “ಅಲ್ಲಾ ಮಾರಾಯಾ, ನಿನ್ನ ಸಿಲಿಕಾನ್ ಇರುವೆಗೇ ಆಗೂದಿಲ್ವಂತೆ, ನಮ್ಮ ಮಲಗೂ ಕೋಣೆಗೆ ಹಾಕ್ಬಹುದಾ?” ಎಲ್ಲರೂ ನಕ್ಕರು. ನಾಲ್ಕನೇ ಇಯತ್ತೆಯಲ್ಲಿ ನಕ್ಕ ಹಾಗೆ ನಾನೂ ನಕ್ಕೆ. ಅಂಗಡಿಯ ಹಲಗೆಯ ಮೇಲೆ ಉತ್ತರ ಇತ್ತು. ಇಳಿಸಿ ತೋರಿಸಿದ್ದರೆ ಮುಗಿಯುತ್ತಿತ್ತು.

ಮಳೆ ಶುರುವಾದ ಮೇಲೆ ಒಮ್ಮೆ ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಅಕ್ಕೋರು ಸಿಕ್ಕರು. ಮೈ ಇಳಿದುಹೋಗಿತ್ತು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲ ಮಳೆಗೆ ಜಗಲಿಯ ಬಲ್ಬಿಗೆ ಮತ್ತೆ ರೆಕ್ಕೆ ಇರುವೆ ಬಂದಿದ್ದವೋ ಏನೋ, ನಾನು ಕೇಳಲಿಲ್ಲ. ಅವರೇ ಅಂದರು, “ಆವತ್ತು ನಾ ಬಿರುಸು ಆಡ್ದೆ. ಆದ್ರೂ ತಮಾ, ಅಂಟೇ ಅಲ್ದಾ ಅದು?”

ಅದು ಬರೀ ಪ್ರಶ್ನೆಯಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಕಂಡದ್ದು ಒಂದೇ ದಾರಿ.

“ಹೌದು ಅಕ್ಕೋರೇ. ಅಂಟೇ. ನಂದೇ ತಪ್ಪು.”

ಅವರು ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಶಾಲೆಯಲ್ಲಿ ಹೊಡೆತ ತಿಂದರೂ ತಪ್ಪು ಒಪ್ಪದ ಹುಡುಗ ಎಂದು ನನ್ನ ಅಪ್ಪನೆದುರು ದೂರು ಹೇಳಿದವರು ಅವರೇ. “ಹಂ” ಅಂದರು. ಬಸ್ಸು ಬಂತು, ಹತ್ತಿ ಹೋದರು.

ಆಮೇಲೆ ಕೆಲವು ವರ್ಷ ನಾನು ಆ ಕಡೆ ಹೋಗಲಿಲ್ಲ. ಅವರು ನಿವೃತ್ತರಾದರೆಂದು ಕೇಳಿದೆ, ಮೈ ಹುಷಾರಿಲ್ಲ ಎಂದು ಕೇಳಿದೆ. ಹೋದ ದೀಪಾವಳಿಗೆ, ಹಟ್ಟಿಕೇರಿಯಲ್ಲೇ ಒಂದು ಕೆಲಸ ಬಂದಿತ್ತು, ಮನಸ್ಸು ಗಟ್ಟಿ ಮಾಡಿ ಹೋದೆ. ಎಲ್ಲರ ಬಾಗಿಲಲ್ಲೂ ತೋರಣ, ಹೊಸ್ತಿಲಿಗೆ ಅರಿಶಿನ-ಕುಂಕುಮ, ಹೂ. ಅಕ್ಕೋರ ಹೊಸ್ತಿಲು ಬೋಳು. ಹಬ್ಬದ ದಿನ, ಬರೀ ಮರ. ಸೂತಕದ ಮನೆಯ ಹಾಗೆ.

“ಬಾ ತಮಾ” ಎಂದು ಒಳಗೆ ಕರೆದರು. ಬಹಳ ಸಣ್ಣಗಾಗಿದ್ದರು. ಬೇಡವೆಂದರೂ ಚಹಾ ಇಡಲು ಎದ್ದರು, ನಾನೂ ಹಿಂದೆ ಹೋದೆ. ಅಡುಗೆಮನೆಯ ಗೋಡೆಯ ಮೇಲೆ ಇರುವೆ ಸಾಲು. ನೆಲದ ಮೇಲೆ ಸಾಲು. ಸಕ್ಕರೆ ಡಬ್ಬಿಯ ಮೈ ತುಂಬ, ಬೆಲ್ಲದ ಮೇಲೆ, ಹಲಗೆಯ ಅಂಚಿನಲ್ಲಿ. ಒಂದು ಕಾಲದಲ್ಲಿ ಅದೇ ಹಲಗೆಯ ಮೇಲೆ ನಾನು ಕಂಡ ಹಳದಿ ಗೆರೆ ಇರಲಿಲ್ಲ. ಎಲ್ಲೂ ಇರಲಿಲ್ಲ. ಮಸಾಲೆ ಡಬ್ಬಿ ತೆರೆದೇ ಇತ್ತು. ಮೆಣಸಿನ ಪುಡಿ, ಜೀರಿಗೆ, ಸಾಸಿವೆ. ಅರಿಶಿನದ ಬಟ್ಟಲು ಖಾಲಿ, ತೊಳೆದು ಒಣಗಿಸಿದ್ದು.

ಅವರು ಸಕ್ಕರೆಯಲ್ಲಿದ್ದ ಇರುವೆಗಳನ್ನು ಚಮಚದ ತುದಿಯಿಂದ ಒಂದೊಂದಾಗಿ ಗೋಡೆಗೆ ದಾಟಿಸಿ, ಆಮೇಲೆ ಚಹಾಕ್ಕೆ ಸಕ್ಕರೆ ಹಾಕಿದರು. ನಾನು ನೋಡುತ್ತಿದ್ದೇನೆಂದು ಅವರಿಗೆ ಗೊತ್ತಿತ್ತು.

“ಇರ್ಲಿ” ಅಂದರು. “ಹೋಗೂಕೆ ಬರೂಕೆ ಅವಕ್ಕೂ ದಾರಿ ಬೇಕಲ್ಲ.”

ಯಾವಾಗ ಗೊತ್ತಾಯಿತೋ. ಬಸ್ ಸ್ಟ್ಯಾಂಡಿನಲ್ಲಿ ನಾನು ಅಷ್ಟು ಬೇಗ ತಪ್ಪು ಒಪ್ಪಿದಾಗಲೋ, ಅದಕ್ಕೂ ಮೊದಲೋ, ಇಲ್ಲ ಎಂದೋ ಒಂದು ದಿನ ಸಕ್ಕರೆ ಡಬ್ಬಿಯ ಸುತ್ತ ಬೆರಳು ಎಳೆಯುತ್ತಿದ್ದಾಗ ಕೈ ಅಲ್ಲೇ ನಿಂತಿತೋ... ಅವರಿಗೆ ಗೊತ್ತಾಗಬಾರದೆಂದು ನಾನು ನನ್ನ ಕೆಲಸದ ಹೆಸರು ಕೆಡಿಸಿಕೊಂಡಿದ್ದೆ. ಅದರಿಂದ ಅವರ ನೋವೇನೂ ತಪ್ಪಿರಲಿಲ್ಲ. ಒಬ್ಬರೇ ಆ ಮನೆಯಲ್ಲಿ, ಯಾರಿಗೂ ಹೇಳದೇ, ಅದನ್ನೇ ಇಟ್ಟುಕೊಂಡು ಕೂತಿದ್ದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು, ನಿಮಗೆ ಗೊತ್ತಿಲ್ಲದೇ ಆದದ್ದು ಅನ್ನಬಹುದಿತ್ತು. ಚಹಾ ಕುಡಿದೆ. ಲೋಟ ತೊಳೆದಿಟ್ಟೆ. ಹೊರಡುವಾಗ ಅವರು ಜಗಲಿಯ ಕಂಬ ಹಿಡಿದು ನಿಂತು, “ಆ ಗಾಜಿನ ಮನೆ ಎಂತ ಮಾಡ್ದೆ?” ಎಂದು ಕೇಳಿದರು.

“ಒಡೆದು ಹೋಯ್ತು ಅಕ್ಕೋರೇ.”

“ಚಲೋ ಆಯ್ತು” ಅಂದರು.

ಅದೇ ಕೊನೆ.

ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೆಂಟರು ಮನೆ ತೊಳೆಯುತ್ತಿದ್ದರು. ಯಾರೋ ಒಬ್ಬಳು ಅಡುಗೆಮನೆಯಲ್ಲಿ “ಎಂಥಾ ಇರುವೆ ಮಾರಾಯ್ತಿ, ಮುದುಕಿಗೆ ಕಣ್ಣೇ ಕಾಣ್ತಿರ್ಲಿಲ್ವೇನೋ” ಎನ್ನುತ್ತ ಹಲಗೆಯ ಉದ್ದಕ್ಕೂ ಅರಿಶಿನ ಉದುರಿಸುತ್ತಿದ್ದಳು. ನಾನು ಹೊರಗೆ ಬಂದೆ.

ಮೊನ್ನೆ ಬೈತಖೋಲದ ಕೆಲಸ ಅರ್ಧಕ್ಕೆ ಬಿಟ್ಟು ಅಂಗಡಿಗೆ ಬಂದು ಆ ಗಾಜಿನ ಮನೆಯನ್ನು ಕೆಳಗಿಳಿಸಿದೆ. ಇಷ್ಟು ವರ್ಷ ಅದನ್ನು ಒರೆಸಿರಲಿಲ್ಲ. ಒಮ್ಮೆ ಬಟ್ಟೆ ಹಿಡಿದು ಕೂತಿದ್ದೆ, ಬೆರಳಿನ ಸುಳಿ ಕಂಡು ಬಿಟ್ಟಿದ್ದೆ. ಹಲಗೆಯ ಮೇಲೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ಅರಿಶಿನ ಬಿಸಿಲಿಗೆ ನಿಲ್ಲುವ ಬಣ್ಣವಲ್ಲ. ಹೊಸ್ತಿಲ ಮೇಲೆ ಈಗ ಏನೂ ಇಲ್ಲ, ಹಳದಿಯೂ ಇಲ್ಲ, ಸುಳಿಯೂ ಇಲ್ಲ, ಬರೀ ಧೂಳು. ಆ ಧೂಳಿನಲ್ಲಿ ಕೂದಲೆಳೆಯಷ್ಟು ಒಂದು ದಾರಿ ಬಿದ್ದಿತ್ತು. ಮೇಲಿನ ಗಾಜು ಎತ್ತಿದೆ. ನನ್ನ ಅಂಗಡಿಯ ಸಣ್ಣ ಇರುವೆಗಳು, ಚಹಾ ಲೋಟದ ಹಿಂದಿನವು, ಅವಳಿಗೆಂದು ಒತ್ತಿದ ಕೋಣೆಯಲ್ಲಿ ಒತ್ತೊತ್ತಾಗಿ ಸಂಸಾರ ಹೂಡಿದ್ದವು. ಬೆಳಕು ಬಿದ್ದದ್ದೇ ಮರಿ ಕಚ್ಚಿಕೊಂಡು ಓಡಿದವು. ಮೂಲೆಯ ಅಂಟಿನ ಮೇಲೇ ಓಡಿದವು.

ಮನೆ ಚೆನ್ನಾಗಿತ್ತು. ತೋರಿಸೋಣವೆಂದರೆ ಅದನ್ನು ಬೆರಳಲ್ಲಿ ತಿದ್ದಿ ನೋಡುವವರು ಇಲ್ಲ.

ಗಾಜು ಮುಚ್ಚಿದೆ. ಬಿಸಿಲು ಬೀಳುತ್ತಿತ್ತು, ಮೇಲೆ ಅದೇ ಕೆಂಪು ಖಣ ಹೊದಿಸಿದೆ. ಬೈತಖೋಲದವರು ಫೋನ್ ಮಾಡುತ್ತಲೇ ಇದ್ದರು. ಗನ್ ತಗೊಂಡು ಹೊರಟೆ.